ಬಯಲಿಗೊಂದು ಗಿಟಾರು

ಅಂಗಡಿಯೊಳಗೆ ಯಾವ ಗಿಟಾರು ಎತ್ತಿಕೊಂಡರೂ ಚೆನ್ನಾಗಿಯೇ ಕೇಳುತ್ತದೆ. ಹತ್ತು ಹನ್ನೆರಡು ಅಡಿ ಅಗಲದ ಮಳಿಗೆ, ಮೇಲೆ ಆರ್‌ಸಿಸಿ, ಕೆಳಗೆ ಟೈಲ್ಸು, ಎದುರಿಗೆ ಗಾಜಿನ ಬಾಗಿಲು. ಒಂದು ತಂತಿ ಮೀಟಿದರೆ ನಾದ ನಾಲ್ಕೂ ಗೋಡೆಗೆ ಬಡಿದು ವಾಪಸು ಬಂದು ನಮ್ಮ ಕಿವಿಗೇ ಬೀಳುತ್ತದೆ. ಬಚ್ಚಲಮನೆಯಲ್ಲಿ ಎಲ್ಲರೂ ಪಿ.ಬಿ. ಶ್ರೀನಿವಾಸ್ ಆಗುವುದು ಇದೇ ಕಾರಣಕ್ಕೆ. ಅದೇ ಗಿಟಾರನ್ನು ಪಾರ್ಕಿಗೆ ತಂದು ಹೊಂಗೆ ಮರದಡಿ ಕೂತು ನುಡಿಸಿ ನೋಡಿ. ಹೋದ ದನಿ ಹೋಯಿತು, ತಿರುಗಿ ಬರುವುದಿಲ್ಲ. ಬಯಲಿನಲ್ಲಿ ದೂರ ಎರಡು ಪಟ್ಟಾದಾಗಲೆಲ್ಲ ಶಬ್ದ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಮೂರು ಅಡಿಯಲ್ಲಿ ಕೇಳಿದ್ದಕ್ಕಿಂತ ಆರು ಅಡಿಯಲ್ಲಿ 6 ಕಮ್ಮಿ, ಹನ್ನೆರಡರಲ್ಲಿ 12 ಕಮ್ಮಿ, ಇಪ್ಪತ್ತನಾಲ್ಕರಲ್ಲಿ 18 ಕಮ್ಮಿ. ಅಷ್ಟು ಹೊತ್ತಿಗೆ ಆಚೆ ರಸ್ತೆಯಲ್ಲಿ ಒಂದು ಆಟೋ ಹೋದರೂ ಸಾಕು, ಗಿಟಾರು ಇತ್ತೆಂಬುದೇ ಮರೆತುಹೋಗುತ್ತದೆ.

ಹೀಗಿದ್ದೂ ನನಗೆ ಬೇಕಿದ್ದದ್ದು ಬಯಲಿನಲ್ಲಿ, ಮೈಕಿಲ್ಲದೆ, ಸ್ಪೀಕರಿಲ್ಲದೆ ನುಡಿಸಬಹುದಾದ ಗಿಟಾರು. ಕಾರಣ ಅಮ್ಮ.

ಅಮ್ಮನಿಗೆ ಎಪ್ಪತ್ತೆಂಟು. ಮೈಸೂರಿನ ನಮ್ಮ ಬಡಾವಣೆಯ ಪಾರ್ಕಿನಲ್ಲಿ ಸಂಜೆ ಐದಕ್ಕೆ ಏಳೆಂಟು ಹೆಂಗಸರು ಸೇರುತ್ತಾರೆ. ವಾಕಿಂಗ್ ಹೆಸರಿಗೆ ಒಂದು ಸುತ್ತು, ಆಮೇಲೆಲ್ಲ ಹಾಡು. ದೇವರನಾಮ, ಭಾವಗೀತೆ, ಒಂದೊಂದು ಸಲ ಹಳೇ ಸಿನಿಮಾದ್ದು. ಹಿಂದೆ ಐದೂವರೆ ಮನೆ ಶ್ರುತಿಗೆ ಹಾಡುತ್ತಿದ್ದ ಅಮ್ಮ ಈಚೆಗೆ ನಾಲ್ಕಕ್ಕೆ ಇಳಿದಿದ್ದಳು. ಅದಾದರೂ ಸರಿ, ವಯಸ್ಸಾದ ಗಂಟಲು ಇಳಿಯುವುದು ಸಹಜ. ಆದರೆ ಹೋದ ವರ್ಷ ದಸರಾ ಕಳೆದ ಮೇಲೆ ಅವಳು ಹಾಡುವುದನ್ನೇ ಬಿಟ್ಟಳು. ಪಾರ್ಕಿಗೆ ಹೋಗುತ್ತಾಳೆ, ಕೂರುತ್ತಾಳೆ, ತಾಳ ಹಾಕುತ್ತಾಳೆ, ಬಾಯಿ ತೆರೆಯುವುದಿಲ್ಲ. ಕೇಳಿದರೆ, ‘ಶ್ರುತಿ ಸಿಗೋದಿಲ್ಲ ಮಾರಾಯ, ಎಲ್ಲಿಗೋ ಹೋಗ್ತದೆ’ ಅಂದಳು. ಆ ಮಾತು ಹೇಳುವಾಗ ಅವಳು ನನ್ನ ಮುಖ ನೋಡಲಿಲ್ಲ.

ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ ಪರೀಕ್ಷೆ ಮಾಡಿಸಿದ್ದೆವು. ಆಡಿಯೋಗ್ರಾಮಿನ ಹಾಳೆಯಲ್ಲಿ ಅವಳ ಕಿವಿಯ ಗೆರೆ 250, 500 ಹರ್ಟ್ಸ್ ತನಕ ಪರವಾಗಿಲ್ಲ ಅನ್ನುವಂತೆ ಬಂದು, 2000 ದಾಟಿದ ಮೇಲೆ ಆಗುಂಬೆ ಘಾಟಿಯಂತೆ ಇಳಿದುಬಿಟ್ಟಿತ್ತು. ವಯಸ್ಸಿಗೆ ಹೋಗುವ ಕಿವಿ ಹೀಗೆಯೇ ಹೋಗುವುದು, ಮೇಲಿನಿಂದ ಕೆಳಕ್ಕೆ. ಸ್ವರಾಕ್ಷರಗಳು ಕೇಳುತ್ತವೆ, ಸ, ಶ, ತ ಕೇಳುವುದಿಲ್ಲ. ಮೆಷಿನ್ ಕೊಟ್ಟರು. ಮಾತಿಗೆ ಅದು ದೊಡ್ಡ ಉಪಕಾರ. ಸಂಗೀತದ ವಿಷಯ ಬೇರೆ. ಹಿಯರಿಂಗ್ ಏಡ್ ತಯಾರಾಗುವುದು ಮುಖ್ಯವಾಗಿ ಮಾತಿಗೋಸ್ಕರ. ತಾನೇ ಕುಂಯ್ ಎಂದು ಕೂಗಿಕೊಳ್ಳದಂತೆ ಅದರೊಳಗೊಂದು ಏರ್ಪಾಟಿರುತ್ತದೆ. ಏರಿಳಿತವಿಲ್ಲದೆ ಒಂದೇ ಸಮ ನಿಂತ ಸ್ವರ ಬಂದರೆ ಅದನ್ನೂ ತನ್ನದೇ ಕೂಗೆಂದು ತಿಳಿದು ಅದುಮಲು ನೋಡುತ್ತದೆ. ಒಂದೇ ಸಮ ನಿಂತ ಸ್ವರ ಅಂದರೇನು? ಶ್ರುತಿಪೆಟ್ಟಿಗೆ! ಫೋನಿನ ಶ್ರುತಿ ಆ್ಯಪ್ ಹಾಕಿ ಅವಳ ಪಕ್ಕ ಇಟ್ಟರೆ ಒಮ್ಮೆ ಕೇಳಿಸುತ್ತಿತ್ತು, ಒಮ್ಮೆ ಅಲುಗಿದಂತೆ, ಒಮ್ಮೆ ಇಲ್ಲವೇ ಇಲ್ಲ. ಅವಳು ಶ್ರುತಿ ಸಿಗುವುದಿಲ್ಲ ಅಂದದ್ದು ಅಕ್ಷರಶಃ ನಿಜ.

ಗುಂಪಿನಲ್ಲಿ ಒಬ್ಬರು ಬ್ಲೂಟೂತ್ ಸ್ಪೀಕರ್ ತಂದು ಕರೋಕೆ ಹಾಕಿದರು. ಅದು ಅಮ್ಮನಿಗೆ ತಗಡು ಕೆರೆದ ಹಾಗೆ ಆಯಿತು. ಇಂಥ ಕಿವಿಗಳ ಇನ್ನೊಂದು ಕಷ್ಟ ಇದು: ಮೆಲ್ಲಗಿದ್ದದ್ದು ಕೇಳುವುದಿಲ್ಲ, ಸ್ವಲ್ಪ ಜೋರಾದದ್ದು ತಡೆಯಲಾಗುವುದಿಲ್ಲ, ನಡುವಿನ ಜಾಗ ಬಹಳ ಕಿರಿದು. ಪಕ್ಕದ ಮನೆಯವರೂ ತಕರಾರು ಮಾಡಿದರು, ಅವರದೂ ತಪ್ಪಲ್ಲ. ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್ ಎಂದು 2000ದ ಶಬ್ದಮಾಲಿನ್ಯ ನಿಯಮವೇ ಹೇಳುತ್ತದೆ. ಸ್ಪೀಕರು ಮನೆಗೆ ಹೋಯಿತು.

ನಾನು ಕಾಲೇಜಿನಲ್ಲಿ ಆರ್ಕೆಸ್ಟ್ರಾಗಳಲ್ಲಿ ಗಿಟಾರು ಬಾರಿಸುತ್ತಿದ್ದವನು. ಹಾಳೆಯ ಮೇಲಿನ ಗೆರೆ ನೋಡುವಾಗ ನನಗೆ ಹೊಳೆದದ್ದಿಷ್ಟು. ಗಿಟಾರಿನ ಬಿಡಿ ತಂತಿಗಳ ಮೂಲಸ್ವರಗಳು ಸುಮಾರು 82 ಹರ್ಟ್ಸ್‌ನಿಂದ 330ರ ತನಕ. ಅಂದರೆ ಅಮ್ಮನ ಕಿವಿ ಇನ್ನೂ ಗಟ್ಟಿಯಾಗಿರುವ ಜಾಗದಲ್ಲೇ ಅವು ಕೂತಿವೆ. ಮೀಟಿದ ತಂತಿಯ ನಾದ ಹುಟ್ಟಿ ಕ್ಷೀಣಿಸುತ್ತದೆ, ಒಂದೇ ಸಮ ನಿಲ್ಲುವುದಿಲ್ಲ, ಮೆಷಿನ್ ಅದನ್ನು ಅನುಮಾನಿಸುವ ಸಂಭವ ಕಡಿಮೆ. ಇನ್ನು ಉಳಿದದ್ದು ಗಿಟಾರು ಯಾವುದು ಅನ್ನುವುದು.

ನಮ್ಮಲ್ಲಿ ಬಯಲಿನ ವಾದ್ಯಗಳು ಬೇರೆ, ಒಳಾಂಗಣದ ವಾದ್ಯಗಳು ಬೇರೆ. ಹೊರಗೆ ವಾಲಗ, ತಮಟೆ, ಡೊಳ್ಳು, ಕೊಂಬು, ಕಹಳೆ. ಯಕ್ಷಗಾನದ ಚೆಂಡೆ ಗದ್ದೆಯ ಆಚೆ ದಡಕ್ಕೂ ಕೇಳಿ ‘ಆಟ ಶುರುವಾಯ್ತು’ ಎಂದು ಹೇಳುತ್ತದೆ. ಊದುವುದು ಅಥವಾ ಬಡಿಯುವುದು, ಬಯಲಿಗೆ ಇವೆರಡೇ. ತಂತಿವಾದ್ಯವೆಂದರೆ ವೀಣೆ, ಅದನ್ನು ಹಜಾರದಿಂದ ಆಚೆ ತಂದವರುಂಟೇ? ಆದರೆ ಒಂದು ಅಪವಾದ ಇದೆ. ತತ್ವಪದದವರ ಏಕತಾರಿ, ಮಂಟೇಸ್ವಾಮಿ ಕಾವ್ಯ ಹಾಡುವ ನೀಲಗಾರರ ತಂಬೂರಿ. ಅವು ಬಯಲಿನಲ್ಲೇ, ಜಾತ್ರೆಯಲ್ಲೇ ನುಡಿಯುವಂಥವು. ಹೇಗೆ ಹಿಡಿಯುತ್ತಾರೆ ನೋಡಿ: ಹೆಗಲಿಗೆ ಒರಗಿಸಿ, ಕಿವಿಯ ಪಕ್ಕ. ಜನಕ್ಕೆ ಕೇಳಲಿ ಬಿಡಲಿ, ಹಾಡುವವನಿಗೆ ಕೇಳಬೇಕು. ಜನಕ್ಕೆ ಗಂಟಲಿದೆ.

ಗಿಟಾರಿನ ಚರಿತ್ರೆ ಇದಕ್ಕೆ ಪೂರಾ ಉಲ್ಟಾ. ಕಳೆದ ಶತಮಾನದ ಮೊದಲರ್ಧವಿಡೀ ಅದು ‘ನಾನು ಯಾರಿಗೂ ಕೇಳಿಸುತ್ತಿಲ್ಲ’ ಎಂಬ ಕೊರಗಿನಲ್ಲೇ ದಪ್ಪವಾಗುತ್ತ ಹೋಯಿತು. ಅಮೆರಿಕದ ಮಾರ್ಟಿನ್ ಕಂಪನಿ 1916ರಲ್ಲಿ ಡಿಟ್ಸನ್ ಎಂಬ ಮಾರಾಟಗಾರರಿಗಾಗಿ ಅಗಲ ಸೊಂಟದ ದೊಡ್ಡ ಗಿಟಾರು ಮಾಡಿ ಅದಕ್ಕೆ ಬ್ರಿಟಿಷ್ ಯುದ್ಧನೌಕೆಯ ಹೆಸರಿಟ್ಟಿತು: ಡ್ರೆಡ್‌ನಾಟ್. 1931ರಲ್ಲಿ ತನ್ನ ಸ್ವಂತ ಹೆಸರಿನಲ್ಲೂ ಹೊರತಂದಿತು. ಇವತ್ತು ನಮ್ಮ ಅಂಗಡಿಗಳಲ್ಲಿ ನೇತುಹಾಕಿರುವ ಬಹುಪಾಲು ಗಿಟಾರುಗಳು ಆ ಯುದ್ಧನೌಕೆಯ ಮರಿಮೊಮ್ಮಕ್ಕಳೇ. ಇನ್ನು ಕೆಲವರು 1920ರ ದಶಕದ ಕೊನೆಗೆ ಹೊಟ್ಟೆಯೊಳಗೆ ಅಲ್ಯೂಮಿನಿಯಂ ಬಟ್ಟಲಿಟ್ಟು ರೆಸೊನೇಟರ್ ಮಾಡಿದರು. ಪ್ಯಾರಿಸ್ಸಿನಲ್ಲಿ 1932ರಿಂದ ಸೆಲ್ಮರ್ ಕಂಪನಿ ಮಕ್ಕಾಫೆರ್ರಿಯ ವಿನ್ಯಾಸದ ಗಿಟಾರು ತಂದಿತು. ಜಾಂಗೊ ರೈನ್‌ಹಾರ್ಟ್ ನುಡಿಸಿ ಪ್ರಸಿದ್ಧಿಯಾದದ್ದು ಅದೇ ಜಾತಿ. ಅದರ ದನಿ ಮೂಗಿನಿಂದ ಬಂದಂತೆ, ಚೂಪು. ಬ್ಯಾಂಡಿನ ಗಲಾಟೆಯನ್ನು ಸೀಳಿಕೊಂಡು ಮುಂದಕ್ಕೆ ಹೋಗುತ್ತದೆ. ಆಮೇಲೆ ವಿದ್ಯುತ್ತು ಬಂತು, ಕೊರಗು ಮುಗಿಯಿತು. ವಿದ್ಯುತ್ತು ಬಂದ ಮೇಲೆ ಇನ್ನೊಂದಾಯಿತು, ತಯಾರಕರಿಗೆ ಗಿಟಾರಿನ ಹೊಟ್ಟೆಯ ಮೇಲಿನ ಆಸಕ್ತಿ ಹೋಯಿತು.

ಮೊದಲ ಅಂಗಡಿಯಲ್ಲಿ ಇದು ಚೆನ್ನಾಗಿ ಗೊತ್ತಾಯಿತು. ‘ಔಟ್‌ಡೋರ್‌ಗೆ’ ಎಂದ ತಕ್ಷಣ ಹುಡುಗ ತೆಳು ಹೊಟ್ಟೆಯ, ಹೆಗಲು ಕತ್ತರಿಸಿದ, ಬದಿಯಲ್ಲಿ ಗುಂಡಿಗಳಿರುವ ಗಿಟಾರು ತೆಗೆದ. ‘ಇದ್ರಲ್ಲಿ ಪಿಕಪ್ಪೂ ಇದೆ, ಟ್ಯೂನರೂ ಇದೆ ಸಾರ್.’ ಪಿಕಪ್ ಬೇಡ, ವೈರೇ ಇಲ್ಲ ಅಂದೆ. ಅವನಿಗೆ ಪಾಪ ಅರ್ಥವಾಗಲಿಲ್ಲ. ‘ಜನ ಎಷ್ಟು ಬರ್ತಾರೆ ಸಾರ್?’ ‘ಏಳೆಂಟು.’ ‘ಹಂಗಾದ್ರೆ ಇನ್‌ಡೋರ್ ಮಾಡ್ಕೊಳಿ ಸಾರ್.’

ಎರಡನೇ ಅಂಗಡಿಯ ಹುಡುಗ ಚುರುಕು, ತಾನೂ ನುಡಿಸುವವನು. ಒಂದು ಸೂಕ್ಷ್ಮವನ್ನು ಅವನಿಗೂ ಹೇಳಿದೆ, ಇಲ್ಲೂ ಹೇಳುತ್ತೇನೆ, ಗಿಟಾರು ಕೊಳ್ಳುವವರಿಗೆ ಉಪಯೋಗಕ್ಕೆ ಬಂದೀತು. ನುಡಿಸುವವನು ಗಿಟಾರಿನ ಹಿಂದೆ ಕೂತಿರುತ್ತಾನೆ. ಚುರುಕು ಸ್ವರಗಳು ಮುಂದಕ್ಕೆ ನೆಟ್ಟಗೆ ಹೋಗುತ್ತವೆ. ಮಂದ್ರ ಮಾತ್ರ ಸುತ್ತ ಹರಡಿ ಅವನ ಕಿವಿ ತುಂಬುತ್ತದೆ. ಅವನಿಗೆ ಭರ್ತಿಯಾಗಿ ಕೇಳುವ ಗಿಟಾರು ಎಂಟಡಿ ಆಚೆ ಕೂತವರಿಗೆ ಬರೀ ಗುಂಯ್ ಅನ್ನಬಹುದು. ಹಾಗಾಗಿ ಕೊಳ್ಳುವವನು ನುಡಿಸಬಾರದು, ಬೇರೆಯವರ ಕೈಗೆ ಕೊಟ್ಟು ಎದುರಿಗೆ ಕೂರಬೇಕು, ಅದೂ ಹೊರಗೆ. ‘ಹೊರಗಾ ಸಾರ್?’ ಅಂದ ಹುಡುಗ, ರೋಡು ನೋಡಿದ, ಮಾಲೀಕರನ್ನು ನೋಡಿದ. ಅವರು ಫೋನಿನಿಂದ ತಲೆ ಎತ್ತದೆ ‘ಬೀಳಿಸಬೇಡ’ ಅಂದರು.

ಮಾರನೇ ದಿನ ಅಮ್ಮನನ್ನೇ ಆಟೋದಲ್ಲಿ ಕರೆದುಕೊಂಡು ಹೋದೆ. ಫುಟ್‌ಪಾತಿನ ಮೇಲೆ ಪ್ಲಾಸ್ಟಿಕ್ ಕುರ್ಚಿ, ಅದರಲ್ಲಿ ಶಾಲು ಹೊದ್ದ ಅಮ್ಮ, ಎಂಟಡಿ ದೂರದಲ್ಲಿ ಸ್ಟೂಲಿನ ಮೇಲೆ ಹುಡುಗ. ಬಸ್ ಸ್ಟಾಪಿನವರೆಲ್ಲ ಇತ್ತ ತಿರುಗಿದರು. ಪರೀಕ್ಷೆ ಸುಲಭದ್ದು. ಹುಡುಗ ಮೂರನೇ ಫ್ರೆಟ್ಟಿಗೆ ಕೇಪೋ ಹಾಕಿ ನಾಲ್ಕನೇ ತಂತಿ ಮೀಟಬೇಕು. ಅದು ಕರಾರುವಾಕ್ಕಾಗಿ ನಾಲ್ಕು ಮನೆಯ ಷಡ್ಜ. ಅಮ್ಮ ಅದನ್ನು ವಾಪಸು ಹಾಡಬೇಕು. ‘ಕೇಳಿಸ್ತಾ’ ಎಂದು ಕೇಳಿದರೆ ಅವಳು ಯಾವತ್ತೂ ಹೌದು ಅನ್ನುವವಳೇ. ಕಿವಿ ಮಂದವಾದವರ ದಾಕ್ಷಿಣ್ಯ ಅದು. ಹಾಡಿದರೆ ಮಾತ್ರ ನಿಜ ತಿಳಿಯುತ್ತದೆ.

ನನ್ನ ಮನಸ್ಸಿನಲ್ಲಿದ್ದದ್ದು ಒಂದು ಡ್ರೆಡ್‌ನಾಟ್. ಮೇಲಿನ ಹಲಗೆ ಇಡೀ ಸ್ಪ್ರೂಸ್, ಬೆನ್ನು ಮತ್ತು ಬದಿ ರೋಸ್‌ವುಡ್. ರೋಸ್‌ವುಡ್ ಅಂದರೆ ಬೇರೇನಲ್ಲ, ನಮ್ಮ ಬೀಟೆ. ಬ್ರೆಜಿಲಿನ ಮರ ಸಿಗುವುದು ದುರ್ಲಭವಾದಾಗ, 1969ರಲ್ಲಿ ಮಾರ್ಟಿನ್‌ನವರು ಭಾರತದ ರೋಸ್‌ವುಡ್ಡಿಗೆ ಬದಲಾಯಿಸಿಕೊಂಡರು. ಅಲ್ಲಿಂದೀಚೆಗೆ ಜಗತ್ತಿನ ಎಷ್ಟೋ ಒಳ್ಳೆಯ ಗಿಟಾರುಗಳ ಬೆನ್ನು ಪಶ್ಚಿಮ ಘಟ್ಟದ ಜಾತಿಯ ಮರದ್ದು. 2017ರಲ್ಲಿ ಈ ಕುಲದ ಮರಗಳೆಲ್ಲ ಅಂತರರಾಷ್ಟ್ರೀಯ ನಿರ್ಬಂಧದ ಪಟ್ಟಿಗೆ ಸೇರಿದಾಗ ಗಿಟಾರಿನವರು ಗೋಳಾಡಿದರು. 2019ರಲ್ಲಿ, ತಯಾರಾದ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಮೈಸೂರಿನ ಇನ್ಲೇ ಕೆಲಸದವರಿಗೆ, ಮಲೆನಾಡಿನ ಜಮೀನಿನವರಿಗೆ ಈ ಮರದ ಕಾನೂನು ಅದಕ್ಕೂ ಬಹಳ ಹಿಂದಿನಿಂದ ಗೊತ್ತು.

ಅಮ್ಮ ಹುಟ್ಟಿದ್ದು ತೀರ್ಥಹಳ್ಳಿ ಕಡೆ. ಹುಡುಗ ಗಿಟಾರು ಹೊರಗೆ ತಂದ ಕೂಡಲೇ ಅವಳು ಅದರ ಬೆನ್ನು ತಿರುಗಿಸಿ ನೋಡಿದಳು. ‘ಎಂತದಾ ಇದು, ಬೀಟೆ ಅಲ್ದಾ?’ ಹೌದಮ್ಮ ಅಂದೆ. ಬೆರಳಗಂಟಿನಿಂದ ಎರಡು ಸಲ ಕುಟ್ಟಿದಳು. ‘ಮೇಲೆ ಮಾತ್ರ ಬೀಟೆ. ಒಳಗೆ ಎಂತದೋ ಇದೆ.’ ಹುಡುಗ ನನ್ನ ಮುಖ ನೋಡಿದ. ಅವಳು ಹೇಳಿದ್ದು ಸರಿ, ಅದು ಪದರ ಅಂಟಿಸಿದ ಹಲಗೆ. ಇಡೀ ಬೀಟೆಯದಕ್ಕೆ ನನ್ನ ಬಜೆಟ್ಟು ಸಾಲದು. ‘ಅಪ್ಪಯ್ಯನ ಮಂಚ ಬೀಟೆದು. ನಾಲ್ಕು ಜನ ಬೇಕಿತ್ತು ಎತ್ತಲಿಕ್ಕೆ. ಹಿತ್ಲಾಚೆ ಒಂದು ಮರ ಇತ್ತು, ನಮ್ಮ ಜಾಗದಲ್ಲೇ. ಆದ್ರೆ ಕಡೀಲಿಕ್ಕೆ ಫಾರೆಸ್ಟಿನವ್ರನ್ನ ಕೇಳ್ಬೇಕು.’ ಇಷ್ಟು ಹೇಳಿ ಶಾಲು ಸರಿಮಾಡಿಕೊಂಡು, ‘ಹ್ಞೂಂ, ಬಾರ್ಸು ಮಗ’ ಅಂದಳು.

ಹುಡುಗ ಮೀಟಿದ. ನನಗೆ ಅದ್ಭುತವಾಗಿ ಕೇಳಿತು. ಕೆಳಗೆ ಗಂಭೀರ, ಮೇಲೆ ಮಿಣಮಿಣ, ನಡುವೆ ಒಂದಿಷ್ಟು ತಗ್ಗು. ಬೀಟೆಯ ಬೆನ್ನಿನ ಡ್ರೆಡ್‌ನಾಟ್ ಪ್ರಸಿದ್ಧವಾಗಿರುವುದೇ ಈ ಗುಣಕ್ಕೆ. ಅಮ್ಮ ಕಣ್ಣು ಮುಚ್ಚಿ ಹಾಡಿದಳು. ಪಂಚಮದ ಹತ್ತಿರ ಎಲ್ಲೋ ನಿಂತಳು. ಇನ್ನೊಮ್ಮೆ ಮೀಟಿದ. ಈ ಸಲ ಇನ್ನೂ ಕೆಳಗೆ ಹೋಯಿತು. ಮೇಲಿನ ಮಿಣಮಿಣ ಅವಳ ಕಿವಿಗೆ ತಲುಪುವುದೇ ಇಲ್ಲ. ಕೆಳಗಿನ ಗುಂಯ್‌ಗುಡುವಿಕೆ ಬಸ್ಸಿನ ಇಂಜಿನ್ನಿನ ಜೊತೆ ಕಲಸಿಹೋಗುತ್ತದೆ. ಅವಳಿಗೆ ಬೇಕಾದ ನಡುವಿನಲ್ಲೇ ಈ ಗಿಟಾರು ಸಂಕೋಚ ಮಾಡುತ್ತಿತ್ತು.

ಹುಡುಗ ತಾನಾಗಿಯೇ ಒಳಗೆ ಹೋಗಿ ಇನ್ನೊಂದು ತಂದ. ಸಣ್ಣ ಮೈ, ತೆಳು ಸೊಂಟ, ಬೆನ್ನು ಮಹಾಗನಿಯದು, ಅದೂ ಪದರದ್ದೇ. ಮೇಲೆ ಇಡೀ ಸ್ಪ್ರೂಸ್. ಬೀಟೆಯದಕ್ಕಿಂತ ಆರು ಸಾವಿರ ಅಗ್ಗ, ನೋಡಲಿಕ್ಕೆ ಏನೂ ಇಲ್ಲ. ನನಗೆ ಒಣಒಣ ಕೇಳಿತು. ಮಹಾಗನಿಯ ಸ್ವಭಾವ ಅದು, ಮೂಲಸ್ವರವನ್ನು ಮುಂದಿಟ್ಟು ಒಗ್ಗರಣೆ ಕಡಿಮೆ ಮಾಡುತ್ತದೆ. ಸಣ್ಣ ಮೈಯಲ್ಲಿ ಮಂದ್ರದ ಗುಡುಗೂ ಇಲ್ಲ. ಅಮ್ಮ ಕಣ್ಣು ಮುಚ್ಚಿದಳು. ಹುಡುಗ ಮೀಟಿದ. ಅವಳು ಷಡ್ಜ ಹಿಡಿದಳು. ನಡುವೆ ಒಂದು ಆಟೋ ಹೋಯಿತು, ಬಿಡಲಿಲ್ಲ. ಹುಡುಗ ಮತ್ತೆ ಮೀಟಿದಾಗ ಅಲ್ಲೇ ಇದ್ದಳು. ಆಮೇಲೆ ಯಾರೂ ಕೇಳದಿದ್ದರೂ ಪಂಚಮಕ್ಕೆ ಹೋಗಿ, ಮೇಲಿನ ಷಡ್ಜ ಮುಟ್ಟಿ, ಇಳಿದು ಬಂದಳು. ಎಷ್ಟು ತಿಂಗಳಾಗಿತ್ತು. ಬಸ್ ಸ್ಟಾಪಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಅವಳಿಗೆ ಅದು ಕೇಳಲಿಲ್ಲ, ಒಳ್ಳೆಯದೇ ಆಯಿತು, ನಾಚಿಕೊಂಡು ನಿಲ್ಲಿಸಿಬಿಡುತ್ತಿದ್ದಳು.

ಬೀಟೆಯದು ಸೋತಿತಲ್ಲ ಎಂದು ನನಗೆ ಒಳಗೊಳಗೇ ಬೇಸರ. ದಾರಿಯಲ್ಲಿ ಅಂದೆ. ‘ಮಂಚಕ್ಕೆ ಅದು, ಹಾಡಿಗಲ್ಲ’ ಎಂದು ಅಮ್ಮ ಒಂದೇ ಮಾತಿನಲ್ಲಿ ಮುಗಿಸಿದಳು. ಇದು ಮರಕ್ಕೆ ಮಾಡಿದ ಅನ್ಯಾಯ. ಒಳ್ಳೆಯ ಹಜಾರದಲ್ಲಿ, ಒಳ್ಳೆಯ ಕಿವಿಗಳಿಗೆ, ಒಬ್ಬನೇ ಕೂತು ನುಡಿಸುವುದಾದರೆ ನಾನು ಈಗಲೂ ಬೀಟೆಯನ್ನೇ ಎತ್ತಿಕೊಳ್ಳುತ್ತೇನೆ.

ಗಿಟಾರು ಬಂದ ಮೇಲಿನ ಕೆಲಸವೂ ಇತ್ತು. ಡಿಎಡಿಜಿಎಡಿ ಎಂಬ ಶ್ರುತಿಕ್ರಮವೊಂದಿದೆ. 1960ರ ದಶಕದಲ್ಲಿ ಇಂಗ್ಲೆಂಡಿನ ಡೇವಿ ಗ್ರಹಾಂ ಅದನ್ನು ಪ್ರಚಾರಕ್ಕೆ ತಂದವನು. ನಮ್ಮ ಲೆಕ್ಕದಲ್ಲಿ ಹೇಳಿದರೆ ಆರೂ ತಂತಿ ಸ, ಪ, ಸ, ಮ, ಪ, ಸ. ಮೂರನೇ ಫ್ರೆಟ್ಟಿಗೆ ಕೇಪೋ ಹಾಕಿದರೆ ಅಮ್ಮನ ನಾಲ್ಕು ಮನೆಗೆ ಸರಿಯಾಗಿ ಕೂತ ತಂಬೂರಿಯೇ ಆಯಿತು. ಮಧ್ಯಮದ ತಂತಿಯನ್ನು ಬೇಡವಾದಾಗ ಬಿಡುತ್ತೇನೆ. ಹೀಗೆ ಕೆಲವು ತಂತಿಗಳನ್ನು ಇಳಿಸಿದಾಗ ಬಿಗಿ ತಪ್ಪುತ್ತದೆ, ಅದಕ್ಕೇ 12ರ ಬದಲು 13ರ ದಪ್ಪದ ಸೆಟ್ಟು. ಹೊಸ ತಂತಿಯ ಝಣಝಣ ಅಮ್ಮನಿಗೆ ಹೇಗೂ ತಲುಪದ್ದರಿಂದ ನಾಲ್ಕು ತಿಂಗಳಾದರೂ ಬದಲಾಯಿಸುವ ಗೋಜಿಲ್ಲ, ದುಡ್ಡೂ ಉಳಿಯಿತು. ಒಂದು ಮಿಲಿಮೀಟರ್ ದಪ್ಪದ ಪಿಕ್ಕು. ಬ್ರಿಜ್ಜಿನ ಹತ್ತಿರವಲ್ಲ, ರಂಧ್ರದ ಮೇಲೆಯೇ ಮೀಟುವುದು.

ಕೂರುವ ಜಾಗವನ್ನೂ ಬದಲಾಯಿಸಿದೆವು. ಹುಲ್ಲು ನಾದವನ್ನು ಕುಡಿದುಬಿಡುತ್ತದೆ. ಪಾರ್ಕಿನ ಮೂಲೆಯಲ್ಲಿ ಪಂಪ್‌ಹೌಸ್ ಇದೆ, ಅದರ ಮುಂದೆ ಸಿಮೆಂಟಿನ ಅಂಗಳ. ಗೋಡೆಗೆ ಬೆನ್ನು ಕೊಟ್ಟು ನಾನು ಕೂತರೆ ಹಿಂದಕ್ಕೆ ಹೋಗುವ ದನಿಯೂ ಮುಂದಕ್ಕೆ ಬರುತ್ತದೆ, ಕಾಸು ಖರ್ಚಿಲ್ಲದ ಆಂಪ್ಲಿಫೈಯರ್. ಗಾಳಿ ಬೀಸಿದರೆ ಕಿವಿಯ ಮೆಷಿನ್ನಿಗೆ ಭರ್ರೋ ಎಂದು ಹೊಡೆಯುತ್ತದೆ, ಆ ಗೋಡೆ ಅದಕ್ಕೂ ಅಡ್ಡ. ಉಳಿದ ಹೆಂಗಸರು ಮೊದಲು ಗೊಣಗಿದರು, ಪಂಪಿನ ವಾಸನೆಯಂತೆ. ನಾನು ಅಮ್ಮನ ಎಡಕ್ಕೆ ನಾಲ್ಕು ಅಡಿ ದೂರದಲ್ಲಿ, ಗಿಟಾರಿನ ಬಾಯಿ ಅವಳತ್ತ ತಿರುಗಿಸಿ ಕೂರುತ್ತೇನೆ. ಆಚೆ ತುದಿಯವರಿಗೆ ಗಿಟಾರು ಸರಿಯಾಗಿ ಕೇಳುವುದಿಲ್ಲ. ಅವರಿಗೆ ಅಮ್ಮನ ದನಿ ಕೇಳುತ್ತದೆ, ಅದನ್ನು ಹಿಡಿದು ಅವರು ಹಾಡುತ್ತಾರೆ.

ಎಲ್ಲ ದಿನ ನಡೆಯುವುದಿಲ್ಲ. ಕೆಲವು ಸಂಜೆ ಏನು ಮಾಡಿದರೂ ಶ್ರುತಿ ಕೂಡುವುದಿಲ್ಲ, ಅಮ್ಮ ಕೈ ಬೀಸಿ ಸುಮ್ಮನಾಗುತ್ತಾಳೆ. ಇತ್ತೀಚಿನ ಪರೀಕ್ಷೆಯಲ್ಲಿ ಗೆರೆಯ ಇಳಿಜಾರು ಇನ್ನೊಂದಿಷ್ಟು ಎಡಕ್ಕೆ, ಅಂದರೆ ಕೆಳಗಿನ ಸ್ವರಗಳ ಕಡೆಗೆ, ಸರಿದಿದೆ. ಮುಂದೆ ಕೇಪೋವನ್ನು ಎರಡನೇ ಫ್ರೆಟ್ಟಿಗೆ ಇಳಿಸಬೇಕಾದೀತು, ಆಮೇಲೆ ಒಂದಕ್ಕೆ. ಕೇಪೋ ತೆಗೆದ ಮೇಲೂ ಕೆಳಗೆ ಸ್ವಲ್ಪ ಜಾಗವಿದೆ.

ಜೂನಿನಲ್ಲಿ ಮಳೆ ಹಿಡಿಯಿತು. ಗಿಟಾರಿಗೆ ತೇವ ಆಗದು, ಕೇಸಿನೊಳಗೆ ಸಿಲಿಕಾ ಪೊಟ್ಟಣ ಹಾಕಿದ್ದೇನೆ. ಗುಂಪು ಪಾರ್ಕಿನ ಮಂಟಪಕ್ಕೆ ಸ್ಥಳಾಂತರವಾಯಿತು, ಅದಕ್ಕೆ ಜಿಂಕ್ ಶೀಟಿನ ಸೂರು. ಮಳೆ ನಿಂತ ಮೇಲೆ ಆ ತಗಡಿನ ಕೆಳಗೆ ಮೊದಲ ಸಲ ನುಡಿಸಿದಾಗ ಸಣ್ಣ ಗಿಟಾರು ಮೂರು ಗಿಟಾರಿನಷ್ಟು ಕೇಳಿತು. ಅಮ್ಮ ಹಾಡು ನಿಲ್ಲಿಸಿ ನನ್ನ ಕಡೆ ತಿರುಗಿದಳು.

‘ಮೆಲ್ಲಗೆ ಬಾರ್ಸಾ,’ ಅಂದಳು. ‘ನಂಗೆಂತ ಕಿವಿ ಕೇಳೋದಿಲ್ವಾ?’